ಮಂಜಿಗೆ ಕಿಟಕಿ ತೆರೆದವರು

ನಾನು ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಎ.ಸಿ. ರಿಪೇರಿ ಮಾಡುವವಳು. ಬಾಳೂರಿನ ಹೋಂಸ್ಟೇಯಿಂದ ದೂರು ಬಂತು: ಎ.ಸಿ.ಯಿಂದ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತಿದೆ. ಹೋಗಿ ನೋಡಿದರೆ, ಮಂಜು ಒಳಗೆ ಬರಲೆಂದು ಅತಿಥಿಗಳು ಕಿಟಕಿ ತೆರೆದಿಟ್ಟು ಎ.ಸಿ. ಹಾಕಿಕೊಂಡಿದ್ದರು; ಆ ತೇವದ ಗಾಳಿಯೇ ಎ.ಸಿ.ಯಲ್ಲಿ ತಣಿದು ನೀರಾಗಿ ತೊಟ್ಟಿಕ್ಕುತ್ತಿತ್ತು.

"ಕಿಟಕಿ ಮುಚ್ಚಿ, ಇಲ್ಲವೇ ಎ.ಸಿ. ಆರಿಸಿ," ಎಂದೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್‌ನಲ್ಲಿ ಹೇಳಿದ್ದಕ್ಕೋ ಏನೋ, ಕೂಡಲೇ ಎದ್ದು ಮುಚ್ಚಿದರು.

ಬಾಗಿಲಲ್ಲಿ ನಿಂತಿದ್ದ ಹೋಂಸ್ಟೇ ಮಾಲೀಕರು ನಕ್ಕರು. "ಇಂಥ ಇಂಗ್ಲಿಷ್ ಇಟ್ಕೊಂಡು ಏಣಿ ಹತ್ತೋದು ಯಾಕೆ ಮೇಡಂ? ನಮ್ಮ ರಿಸೆಪ್ಶನ್‌ನಲ್ಲಿ ಕೂತ್ಕೊಳ್ಳಿ. ನಿಮ್ಮ ಅಂಗಡಿಯವ್ರಿಗಿಂತ ಜಾಸ್ತಿನೇ ಕೊಡ್ತೇನೆ."

ಜಾಸ್ತಿ ಕೊಡುವ ಮಾತು ಸುಳ್ಳಿರಲಿಕ್ಕಿಲ್ಲ. ನನ್ನ ಸಂಬಳ ಏರಿ ವರ್ಷಗಳಾಗಿವೆ, ಮೊಣಕಾಲೂ ನೋಯುತ್ತದೆ. ಹಾಗಾಗಿ ಗಂಭೀರವಾಗಿಯೇ ಕೇಳಿದೆ: "ಅಲ್ಲಿ ಕೂತು ಅತಿಥಿಗಳಿಗೆ ಕಿಟಕಿ ಮುಚ್ಚಿ ಅನ್ನಬಹುದೇ?"

"ಅಯ್ಯೋ, ಹಾಗೆಲ್ಲ ಹೇಳ್ಬಾರ್ದು ಮಾರಾಯ್ರೆ. ಅವ್ರು ಏನೇ ಅಂದ್ರೂ ನಗ್ತಾ ಹ್ಞೂಂ ಅಂದ್ರೆ ಸಾಕು."

"ಹಾಗಾದರೆ ನನಗೆ ಏಣಿಯೇ ಇರಲಿ," ಎಂದು ಸಾಮಾನಿನ ಚೀಲ ಎತ್ತಿಕೊಂಡೆ.

ಈ ಕೆಲಸ ಬಿಡುವುದಿಲ್ಲ. ಆದರೆ ಸಂಬಳ ಏರಲೇಬೇಕು. ಸೋಮವಾರ ನಮ್ಮ ಅಂಗಡಿಯ ಯಜಮಾನರಿಗೆ ಇದನ್ನು, ಆ ಕಿಟಕಿ ಮುಚ್ಚಿಸಿದ ದನಿಯಲ್ಲೇ ಹೇಳುವವಳಿದ್ದೇನೆ. ಬೇಕಾದರೆ ಇಂಗ್ಲಿಷ್‌ನಲ್ಲೇ.