ಅರವತ್ತು ಗಿಡಗಳ ಲೆಕ್ಕ

ಕುಲ್ಸುಮ್ ಆಪಾ ಅವರನ್ನು ಸೃಷ್ಟಿ ಮೊದಲು ಕಂಡದ್ದು ಮೇ ತಿಂಗಳ ಒಂದು ಬೆಳಗ್ಗೆ, ಕಲಬುರಗಿಯ ಶಹಾಬಜಾರದ ಓಣಿಯೊಂದರ ಮನೆಯಲ್ಲಿ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಆಪಾ ಚಾಪೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದರು. ಬೆರಳ ತುದಿಯಲ್ಲಿ ಮಾಸಿದ ಮದರಂಗಿ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಕಮಲಾಪುರದಿಂದ ಬಸ್ಸಿನಲ್ಲಿ ಬಂದ ತಾಯಿ-ಮಗಳಿಗೆ ಮೊದಲು ತಣ್ಣನೆಯ ನೀರು ಕೊಟ್ಟರು.

"ಹತ್ತನೇ ಕ್ಲಾಸಿನ ಗಣಿತದಾಗ ಫೇಲ್ ಆಗ್ಯಾಳ್ರೀ ಆಪಾ," ಎಂದಳು ತಾಯಿ ಶೀಲಾ. "ಮತ್ತ ಪರೀಕ್ಷಾಕ್ಕ ಕುಂದ್ರಂಗಿಲ್ಲ, ಸಾಲಿನೇ ಸಾಕು ಅಂತಾಳ."

ಸೃಷ್ಟಿ ತಲೆ ತಗ್ಗಿಸಿದಳು. ನರ್ಸ್ ಆಗುವ ಆಸೆಯನ್ನು ಫಲಿತಾಂಶ ಬಂದ ದಿನವೇ ಬಿಟ್ಟಿದ್ದಳು.

ಆಪಾ ಅವಳ ಗಣಿತದ ನೋಟ್‌ಬುಕ್ ತಿರುವಿದರು. ಪುಟಪುಟಕ್ಕೂ ಅಳಿಸಿದ ಕಲೆ, ಅಲ್ಲಲ್ಲಿ ತೂತು.

"ಅಯ್ಯ, ನೀ ಬರದಿದ್ದಕ್ಕಿಂತ ರಬ್ಬರ್ ತಿಂದಿದ್ದೇ ಜಾಸ್ತಿ ಅದಲ್ಲ! ಇಲ್ಲಿ ಕೊಡು ಬೇಟಿ ಆ ರಬ್ಬರ್‌ನ."

ಆಮೇಲೆ ಒಂದು ಲೆಕ್ಕ ಹೇಳಿದರು. ತೋಟದ ಬಾಳೆಗಿಡಗಳು ಹೋದ ವರ್ಷಕ್ಕಿಂತ ಶೇಕಡ ಇಪ್ಪತ್ತು ಹೆಚ್ಚಾಗಿ ಈಗ ಅರವತ್ತಾಗಿವೆ. ಹೋದ ವರ್ಷ ಎಷ್ಟಿದ್ದವು? ಸೃಷ್ಟಿ ಅರವತ್ತರಲ್ಲಿ ಶೇಕಡ ಇಪ್ಪತ್ತು, ಅಂದರೆ ಹನ್ನೆರಡು ಕಳೆದು ನಲವತ್ತೆಂಟು ಎಂದು ಬರೆದಳು.

ಆಪಾ ತಪ್ಪು ಅನ್ನಲಿಲ್ಲ. "ನಲವತ್ತೆಂಟಕ್ಕ ಅದರ ಶೇಕಡ ಇಪ್ಪತ್ತು ಕೂಡಿಸು, ನೋಡೋಣ."

"ಐವತ್ತೇಳು ಪಾಯಿಂಟ್ ಆರು ಬರ್ತದರೀ."

"ಪಾಯಿಂಟ್ ಆರು ಗಿಡ ಯಾರ ತೋಟದಾಗ ಅದನವ್ವ? ಬಾಳಿಗೆ ಹೆಸರಾದ ಕಮಲಾಪುರದಾಕಿ, ನೀನೇ ಹೇಳು."

ಸೃಷ್ಟಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಕ್ಕೆ ನಕ್ಕ ಮಗಳನ್ನು ಶೀಲಾ ನೋಡುತ್ತಲೇ ಇದ್ದಳು.

"ಹೆಚ್ಚಾಗಿದ್ದು ಯಾವುದರ ಮ್ಯಾಲೆ?"

"ಹೋದ ವರ್ಷದ ಗಿಡದ ಮ್ಯಾಲೆ... ಅವು ಎಷ್ಟಂತ ಗೊತ್ತೇ ಇಲ್ಲಲ್ರೀ!"

"ಗೊತ್ತಿಲ್ಲಂತನೇ ಎಕ್ಸ್ ಅನ್ನೋದು. ಅಂಜಬ್ಯಾಡ. ಹೆಸರಿಟ್ಟು ಮುಂದ ನಡಿ."

ಎಕ್ಸ್, ಅದಕ್ಕೆ ಅದರದೇ ಐದನೇ ಒಂದು ಭಾಗ ಕೂಡಿದರೆ ಅರವತ್ತು. ಪೆನ್ಸಿಲ್ ಒಮ್ಮೆ ನಿಂತಿತು. ಅಳಿಸಲು ರಬ್ಬರ್ ಇರಲಿಲ್ಲ, ಮುಂದೆ ಬರೆದಳು. ಐವತ್ತು ಬಂತು. ಯಾರೂ ಹೇಳದೆಯೇ ಐವತ್ತಕ್ಕೆ ಹತ್ತು ಕೂಡಿಸಿ ನೋಡಿದಳು.

ಆಪಾ ಒಂದೊಂದು ಸಾಲಿಗೂ ಸರಿ ಗುರುತು ಹಾಕಿ, ಮೊದಲ ತಪ್ಪು ಲೆಕ್ಕದಲ್ಲಿ ತೆಗೆದಿದ್ದ ಹನ್ನೆರಡಕ್ಕೂ ಒಂದು ಹಾಕಿದರು. "ಶೇಕಡ ತಗಿಯೋದು ನಿನಗ ಮೊದಲೇ ಬರ್ತಿತ್ತು. ಯಾವುದರದು ಅಂತ ಕೇಳೋದು ಬಿಟ್ಟಿದ್ದಿ, ಅಷ್ಟೇ."

ಸೃಷ್ಟಿ ತಾಯಿಯ ಕಡೆ ತಿರುಗಿದಳು. "ಪರೀಕ್ಷಾ ಬರೀತೀನವ್ವಾ."

ಬರೆದಳು, ಪಾಸಾದಳು, ವಿಜ್ಞಾನ ತಗೊಂಡು ಕಾಲೇಜಿಗೆ ಹೆಸರು ಹಚ್ಚಿದಳು. ಸುದ್ದಿ ಕೇಳಿ ಊರಿನ ಇನ್ನೂ ಕೆಲವು ಹುಡುಗಿಯರು ಆಪಾ ಹತ್ತಿರ ಕಲಿಯಲು ಆಸೆಪಟ್ಟರು. ಆದರೆ ಅವರನ್ನು ಕಲಬುರಗಿಗೆ ಕಳಿಸಲು ಮನೆಯವರು ಒಪ್ಪಲಿಲ್ಲ.

ಈಗ ಕುಲ್ಸುಮ್ ಆಪಾ ಪ್ರತಿ ಭಾನುವಾರ ಬಸ್ ಹತ್ತಿ ಕಮಲಾಪುರಕ್ಕೆ ಹೋಗಿ, ಶೀಲಾಳ ಮನೆಯ ಪಡಸಾಲೆಯಲ್ಲಿ ಆ ಹುಡುಗಿಯರಿಗೆ ಬೀಜಗಣಿತ ಮತ್ತು ಶೇಕಡಾವಾರು ಲೆಕ್ಕ ಹೇಳಿಕೊಡುತ್ತಾರೆ.