ಬಿ ಟೀಮಿನ ಗೋಲಿ

ಹೋದ ತಿಂಗಳು ನಮ್ಮ ಹೈಸ್ಕೂಲಿನ ಕ್ರೀಡಾಕೂಟಕ್ಕೆಂದು ಹೊಸ ಹೆಡ್‌ಮಾಸ್ಟರರು ಒಂದು ಚೀಲ ಸುಣ್ಣ ತರಿಸಿಟ್ಟಿದ್ದರು. ನಾನು ಬರುವಷ್ಟರಲ್ಲಿ ಯಾರೋ ಚೀಲದ ಬಾಯಿ ಬಿಚ್ಚಿ ನೀರು ಚಿಮುಕಿಸಿದ್ದರು. ಗೇಟಿನ ಹತ್ತಿರವೇ ಆ ವಾಸನೆ ಮೂಗಿಗೆ ಬಡಿಯಿತು... ಬಿಸಿ ಮಣ್ಣಿನದೂ ಅಲ್ಲ, ಬೂದಿಯದೂ ಅಲ್ಲ, ಗಂಟಲು ಒಣಗಿಸುವ ಒಂದು ಘಾಟು. ಮುಂದೆ ಹೆಜ್ಜೆ ಇಡಲು ಆಗಲಿಲ್ಲ.

ನಾನು ಹೊಸದುರ್ಗದಲ್ಲಿ ಪಿ.ಟಿ. ಮೇಷ್ಟ್ರು. ಇಷ್ಟು ವರ್ಷದ ನೌಕರಿಯಲ್ಲಿ ಒಂದು ದಿನವೂ ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸಿದವನಲ್ಲ. ರಂಗೋಲಿ ಪುಡಿಯಲ್ಲೇ ಹಾಕಿಸುತ್ತೇನೆ. ಅದಕ್ಕೇ ಹುಡುಗರು ಬೆನ್ನ ಹಿಂದೆ ನನ್ನನ್ನು ‘ರಂಗೋಲಿ ಮೇಷ್ಟ್ರು’ ಅನ್ನುತ್ತಾರೆ. ಅನ್ನಲಿ. “ಏನ್ರಿ ಮೇಷ್ಟ್ರೇ, ಗೆರೆ ಅಂದ್ರೆ ಗೆರೆ, ಯಾವ್ದ್ರಲ್ಲಿ ಹಾಕಿದ್ರೇನ್ರಿ?” ಎಂದು ಹೆಡ್‌ಮಾಸ್ಟರರು ನಕ್ಕರು. ನಾನು ಚೀಲ ಎತ್ತಿಸಿ, ಕಾಂಪೌಂಡಿನಾಚೆ ಗುಂಡಿ ತೋಡಿಸಿ ಹೂಳಿಸಿಬಿಟ್ಟೆ. ಕಾರಣ ಹೇಳಲಿಲ್ಲ. ಹೇಳಬೇಕಾದವರಿಗೇ ಹೇಳದವನು ಇವರಿಗೇನು ಹೇಳುವುದು?

ಆ ಘಾಟು ನೆನಪಿಗೆ ತರುವುದು ಒಬ್ಬನನ್ನು, ನಮ್ಮ ಬಿ ಟೀಮಿನ ಗೋಲಿಯನ್ನು. ಗೋಲ್‌ಕೀಪರ್ ಅನ್ನುವಷ್ಟು ವ್ಯವಧಾನ ಯಾರಿಗಿತ್ತು, ಗೋಲಿ ಅಂತಲೇ ಕರೆಯುತ್ತಿದ್ದೆವು. ಆಗ ನಾವೆಲ್ಲ ದುರ್ಗದಲ್ಲಿ ಕಾಲೇಜು ಓದುತ್ತಿದ್ದವರು. ನಾನು ಹೊಳಲ್ಕೆರೆಯವನು, ಅವನು ಹಿರಿಯೂರಿನ ಕಡೆ, ಮಾರಿಕಣಿವೆಯವನು. ನಾವು ಸೇರಿದ್ದ ಫುಟ್‌ಬಾಲ್ ಕ್ಲಬ್ಬಿಗೆ ಎರಡು ತಂಡ. ಎ ಟೀಮಿನಲ್ಲಿ ನೌಕರಿ, ಮೀಸೆ ಎರಡೂ ಇದ್ದ ದೊಡ್ಡವರು. ಬಿ ಟೀಮಿನಲ್ಲಿ ಎರಡೂ ಇಲ್ಲದ ನಾವು. ದೊಡ್ಡವರಲ್ಲಿ ಯಾರಿಗಾದರೂ ಮಂಡಿ ಹೋದರೆ, ಇಲ್ಲವೇ ಬೇರೆ ಊರಿಗೆ ವರ್ಗವಾದರೆ ನಮ್ಮಲ್ಲೊಬ್ಬ ಮೇಲೆ ಹೋಗುತ್ತಿದ್ದ. ಬಾಗೂರಿನವನೊಬ್ಬ ಎಡಗಾಲಲ್ಲಿ ಒದ್ದರೆ ಚೆಂಡು ಕುಡುಗೋಲಿನ ಹಾಗೆ ಬಾಗಿ ಹೋಗುತ್ತಿತ್ತು. ಮಾಡದಕೆರೆಯವನೊಬ್ಬ ಅಡ್ಡ ನಿಂತರೆ ಎತ್ತಿನ ಗಾಡಿಯೂ ಸುತ್ತಿಕೊಂಡು ಹೋಗಬೇಕಿತ್ತು. ಆದರೆ ದಾರಿಯಲ್ಲಿ ಹೋಗುವ ಜನ ಸೈಕಲ್ ನಿಲ್ಲಿಸಿ ನೋಡುತ್ತಿದ್ದದ್ದು ನಮ್ಮ ಗೋಲಿಯನ್ನು.

ಅಪ್ಪನ ಜೊತೆ ತೆಪ್ಪದಲ್ಲಿ ಕೂತು ಬಲೆ ಎಳೆದು ಬೆಳೆದವನು ಅವನು. ತೋಳು ಉದ್ದ, ಅಂಗೈ ಒರಟು. ಆಟಕ್ಕೆ ಮುಂಚೆ ಗೋಲಿನ ಎರಡೂ ಕಂಬ ಮುಟ್ಟಿ, “ಅಣ್ಣಯ್ಯಾ, ತಮ್ಮಯ್ಯಾ, ನೋಡ್ಕಳ್ರಪ್ಪ” ಅನ್ನುತ್ತಿದ್ದ. ಆಮೇಲೆ ಆ ಕಂಬಗಳ ನಡುವೆ ಇರುವೆ ನುಸುಳುವುದೂ ಕಷ್ಟವಿತ್ತು.

ನಾನು ಎರಡನೇ ಗೋಲಿ. ಎರಡನೇ ಗೋಲಿ ಅಂದರೆ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದು ನಿಂತವನ ಹಾಗೆ; ಹಸಿವು ಎಲ್ಲರಷ್ಟೇ ಇರುತ್ತದೆ, ಮುಂದೆ ಎಲೆ ಮಾತ್ರ ಇರುವುದಿಲ್ಲ. ಅವನು ನನಗೆ ಗೆಳೆಯನೇ. ಹಾಸ್ಟೆಲಿನಲ್ಲಿ ಅವನ ಅವ್ವ ಕಳಿಸಿದ ಒಣಮೀನು ನನಗೂ ಪಾಲು ಬರುತ್ತಿತ್ತು. ಆದರೂ ಅವನು ಪ್ರತಿ ಚೆಂಡು ಹಿಡಿದಾಗ ಚಪ್ಪಾಳೆ ತಟ್ಟುತ್ತಲೇ, ಮುಂದಿನದು ಇವನ ಕೈ ತಪ್ಪಲಿ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಅದು ಹೊಟ್ಟೆಕಿಚ್ಚು.

ನಮ್ಮನ್ನು ಆಡಿಸುತ್ತಿದ್ದವರು ನಿವೃತ್ತ ಪೊಲೀಸ್ ದಫೇದಾರರು. “ಯಾರ ಮನೆ ಅಂಗಳ ಅವ್ರೇ ಸಾರಿಸ್ಬೇಕು ಕಣ್ರಲೇ” ಎಂದು ಅವರು ಮೈದಾನಕ್ಕೆ ಗೆರೆ ಹಾಕುವ ಕೆಲಸವನ್ನು ಗೋಲಿಗಳಿಗೇ ಕೊಟ್ಟಿದ್ದರು. ಒಂದು ವಾರ ಅವನದು ಪಾಳಿ, ಒಂದು ವಾರ ನನ್ನದು. ಭಟ್ಟಿಯಿಂದ ಸುಣ್ಣ ಹರಳಾಗಿ ಬರುತ್ತಿತ್ತು. ಹಿಂದಿನ ಸಂಜೆಯೇ ಹರಳಿಗೆ ನೀರು ಚಿಮುಕಿಸಿ, ಗೋಣಿ ಮುಚ್ಚಿ ಇಡಬೇಕು. ಅದು ಬುಸುಗುಟ್ಟಿ, ಹೊಗೆಯಾಡಿ, ಬೆಳಗಾಗುವಷ್ಟರಲ್ಲಿ ಅರಳಿ ತಣ್ಣಗೆ ಹಿಟ್ಟಾಗಿರುತ್ತಿತ್ತು. “ಅರಳದ ಸುಣ್ಣ ಹಾವಿದ್ದಂಗೆ. ನೀರು ಕಂಡ್ರೆ ಕಚ್ತೈತೆ” ಎಂದು ದಫೇದಾರರು ನಮಗಿಬ್ಬರಿಗೂ ಮೊದಲ ದಿನವೇ ಹೇಳಿದ್ದರು.

ಆ ವರ್ಷ ಎ ಟೀಮಿನ ಗೋಲಿಗೆ ವರ್ಗವಾಯಿತು. ಒಂದು ಭಾನುವಾರ ಬಿ ಟೀಮಿನ ಆಟ ನೋಡಿ, ನಮ್ಮಿಬ್ಬರಲ್ಲಿ ಒಬ್ಬನನ್ನು ಆರಿಸುತ್ತೇವೆಂದು ದೊಡ್ಡವರು ಹೇಳಿ ಕಳಿಸಿದರು. ಶನಿವಾರ ಸಂಜೆ ದಫೇದಾರರು ನನ್ನ ಹೆಗಲ ಮೇಲೆ ಕೈಯಿಟ್ಟು, “ನಾಳೆ ಅವ್ನು ನಿಲ್ಲಲಿ ಬಿಡಪ್ಪ. ನೀನು ಸುಣ್ಣ ಅರಳಿಸಿಡು, ಈ ವಾರ ನಿಂದೇ ಪಾಳಿ” ಅಂದರು. ಎದುರಿಗೆ ಆಯ್ತು ಸಾರ್ ಅಂದೆ. ಆಮೇಲೆ ಬಾಗೂರಿನವನ ಹತ್ತಿರ, “ಇವ್ರದ್ದು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ” ಎಂದು ಗೊಣಗಿದೆ. ಆ ಮಾತು ಅವತ್ತಿನಿಂದ ಇವತ್ತಿನವರೆಗೆ ಮತ್ತೆ ನನ್ನ ನಾಲಿಗೆಯ ಮೇಲೆ ಬಂದಿಲ್ಲ.

ಹಾಸ್ಟೆಲಿಗೆ ಹೋಗಿ ಮುಸುಕೆಳೆದು ಮಲಗಿದೆ. ಸುಣ್ಣ ಅರಳಿಸಲಿಲ್ಲ. ಮರೆತೆನೋ, ಮರೆಯಬೇಕೆಂದೇ ಮರೆತೆನೋ... ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಬೆಳಿಗ್ಗೆ ಮೈದಾನಕ್ಕೆ ಹೋದರೆ ಹರಳು ಹರಳಾಗಿಯೇ ಕೂತಿತ್ತು. ಆಟಕ್ಕೆ ಇನ್ನು ಒಂದು ಗಂಟೆಯೂ ಇಲ್ಲ. ಹೇಳಿದರೆ ದಫೇದಾರರು ಟೀಮಿನಿಂದಲೇ ಕಿತ್ತು ಹಾಕುತ್ತಾರೆ. ಕಲ್ಲು ತೆಗೆದುಕೊಂಡು ಒಣ ಹರಳನ್ನೇ ಜಜ್ಜಿ ಪುಡಿ ಮಾಡಿದೆ. ಬೆರಳು ಉರಿಯುತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲು ನನಗೆ ಆಗುವುದಿಲ್ಲ, ಯಾಕೆಂದರೆ ಉರಿಯುತ್ತಿತ್ತು. ದುರ್ಗದ ಗಾಳಿ ಗೆರೆಯನ್ನು ಹಾರಿಸಿಕೊಂಡು ಹೋಗುತ್ತದೆಂದು ಗೋಲಿನ ಬಾಯಿಗೆ ಮಾತ್ರ ದಪ್ಪಗೆ ಸುರಿದೆ.

ಅಷ್ಟರಲ್ಲಿ ಅವನು ಬಂದ. ಬಕೆಟ್ಟಿನೊಳಗೆ ಇಣುಕಿ, “ಅರಳಿಸಿದೀಯೇನಲೇ?” ಅಂದ.

“ಹೂಂ” ಅಂದೆ.

ಅವನು ಮತ್ತೆ ಕೇಳಲಿಲ್ಲ. ಕಂಬಗಳನ್ನು ಮುಟ್ಟಿ ಮಾತಾಡಿಸಲು ಹೋದ.

ಆ ದಿನ ಅವನು ಆಡಿದ ಆಟ... ಅದನ್ನು ನೋಡಿದವರು ಈಗ ಎಷ್ಟು ಜನ ಉಳಿದಿದ್ದಾರೋ. ದೊಡ್ಡವರು ಬಂಡೆಯ ನೆರಳಿನಲ್ಲಿ ಕೂತು ನೋಡುತ್ತಿದ್ದರು, ಅರ್ಧ ಆಟಕ್ಕೇ ತಲೆಯಾಡಿಸಲು ಶುರು ಮಾಡಿದ್ದರು. ಮುಗಿಯಲು ಸ್ವಲ್ಪ ಹೊತ್ತಿರುವಾಗ ಎದುರಿನ ತಂಡದವನೊಬ್ಬ ಹತ್ತಿರದಿಂದ ನೆಲಕ್ಕೆ ಒತ್ತಿ ಒದ್ದ. ಚೆಂಡು ಕಂಬದ ಪಕ್ಕದಲ್ಲಿ ಗೆರೆ ದಾಟುವುದರಲ್ಲಿತ್ತು. ಇವನು ಎಡಕ್ಕೆ ಹಾರಿ ಗೆರೆಯ ಮೇಲೆಯೇ ಮುಖವಿಟ್ಟು ಬಿದ್ದು ಹಿಡಿದ. ಹಿಂದೆಯೇ ಓಡಿ ಬಂದವನ ಕಾಲು ಜಾರಿ ಸುಣ್ಣ ಎದ್ದಿತು. ಇವನ ಮುಖವೆಲ್ಲ ಬೆವರು.

ಮೊದಲು ಅವನು ಕೂಗಲಿಲ್ಲ. ಚೆಂಡನ್ನು ಎದೆಗವಚಿಕೊಂಡು ಕಾಲು ಮಾತ್ರ ಬಡಿಯುತ್ತಿದ್ದ. ಯಾರೋ ಒದ್ದೆ ಟವೆಲಿನಲ್ಲಿ ಎಡಗಣ್ಣನ್ನು ಒರೆಸಿದರು. ಆಗ ಕೂಗಿದ. ದಫೇದಾರರು ಓಡಿ ಬಂದು, “ನೀರು ಹುಯ್ರಲೇ, ಒರೆಸಬ್ಯಾಡ್ರಿ!” ಎಂದು ಬಿಂದಿಗೆಯನ್ನೇ ಅವನ ಮುಖದ ಮೇಲೆ ಬಗ್ಗಿಸಿದರು. ಬಿಂದಿಗೆಯ ತಳದಲ್ಲಿ ಎರಡು ಲೋಟದಷ್ಟು ಮಾತ್ರ ನೀರಿತ್ತು. ನಾನು ಬಕೆಟ್ ಹಿಡಿದು ನಲ್ಲಿಯ ಕಡೆ ಓಡಿದೆ. ಓಡುತ್ತಲೇ ಬಕೆಟ್ಟಿನ ಒಳಗೆ ನೋಡಿದರೆ ಅದು ಸುಣ್ಣದ ಬಕೆಟ್ಟು...

ದಾವಣಗೆರೆಯ ಕಣ್ಣಿನ ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಎಡಗಣ್ಣು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ದಫೇದಾರರು ಪೊಲೀಸರ ದನಿಯಲ್ಲಿ ಕೇಳಿದರು: “ಸುಣ್ಣ ಹಾಕಿದ್ದು ಯಾವನು?” ನಾನು ಮಂಚದ ಕಾಲಿನ ಹತ್ತಿರ ನಿಂತಿದ್ದೆ. ಬಾಯಿ ತೆರೆದೆನೋ ಇಲ್ಲವೋ, ಮಂಚದ ಮೇಲಿಂದ ದನಿ ಬಂತು. “ನಾನೇ ಸಾರ್. ಪಾಳಿ ಬದ್ಲಾಯಿಸ್ಕಂಡಿದ್ವಿ. ರಾತ್ರಿ ಅರಳಿಸಾದು ಮರ್ತೆ.” ಪಕ್ಕದಲ್ಲಿದ್ದ ಅವನ ಅವ್ವ ಹಣೆ ಚಚ್ಚಿಕೊಂಡರು. “ಕಣ್ಣಿಗೆ ನೀನೇ ಸುಣ್ಣ ಹಾಕ್ಕಂಡ್ಯಲ್ಲೋ, ನಿನ್ ಕೈ ಸೇದಿ ಹೋಗ” ಎಂದು ಅಲ್ಲೇ ಬೈದರು. ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ಇಬ್ಬರೇ ಇದ್ದಾಗ ಯಾಕೆ ಹಾಗಂದೆ ಎಂದು ಕೇಳಿದೆ. ಕಟ್ಟು ಹಾಕಿದ ಮುಖದಲ್ಲೇ ನಕ್ಕ. “ನಿನ್ ಹೆಸ್ರು ಹೇಳಿದ್ರೆ ನಿನ್ನೂ ತೆಗೀತಿದ್ರು. ಇಬ್ರೂ ಹೋದ್ರೆ ಗೋಲಲ್ಲಿ ಯಾರಲೇ ನಿಲ್ಲಾದು?”

ಮೇಲೆ ಹೋದವನು ನಾನು. ಎ ಟೀಮಿನ ಜರ್ಸಿ ಹಾಕಿಕೊಂಡು ಐದು ವರ್ಷ ಆಡಿದೆ. ಆಟದ ಕೋಟಾದಲ್ಲಿ ಪಿ.ಟಿ. ತರಬೇತಿ ಕಾಲೇಜಿನ ಸೀಟು, ಅದರಿಂದ ಈ ನೌಕರಿ. ಮೊದಲ ಕೆಲವು ತಿಂಗಳು ಅವನು ಮೈದಾನಕ್ಕೆ ಬಂದು ನನ್ನ ಗೋಲಿನ ಹಿಂದೆ ನಿಂತು ಹೇಳಿಕೊಡುತ್ತಿದ್ದ. “ಎಡಕ್ಕೆ ತಡ ಮಾಡ್ತೀಯ ಕಣಲೇ, ಎಡಕ್ಕೆ ಬಗ್ಗು.” ಒಂದು ದಿನ ಬರಲಿಲ್ಲ. ಊರಿಗೆ ಹೋದನಂತೆ, ಅಪ್ಪನ ತೆಪ್ಪ ಹಿಡಿದನಂತೆ. ಅವನು ಹೋದ ಮೇಲೂ ಆಟದ ನಡುವೆ ನನ್ನ ಹಿಂದೆ ಆ ದನಿ ಕೇಳುತ್ತಿತ್ತು. ತಿರುಗಿ ನೋಡುತ್ತಿದ್ದೆ. ಹಾಗೆ ತಿರುಗಿ ಎರಡು ಮೂರು ಗೋಲು ಬಿಟ್ಟಿದ್ದೂ ಇದೆ. ಈಗಲೂ, ಶಾಲೆಯ ಮೈದಾನದಲ್ಲಿ ಒಬ್ಬನೇ ಇದ್ದಾಗ, ಗೋಲಿನ ಕಂಬಕ್ಕೆ ಬೆನ್ನು ಮಾಡಿ ನಿಲ್ಲಲು ನನಗೆ ಆಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ಸುದ್ದಿ ಬಂತು. ಹಿರಿಯೂರಿನ ರಸ್ತೆಯಲ್ಲಿ ಮೊಪೆಡ್ಡಿನಲ್ಲಿ ಹೋಗುತ್ತಿದ್ದನಂತೆ. ಎಡಗಡೆಯ ಹೊಲದ ದಾರಿಯಿಂದ ಬಂದ ಟ್ರ್ಯಾಕ್ಟರು ಅವನಿಗೆ ಕಾಣಲಿಲ್ಲವಂತೆ. ಎಡಗಡೆಯಿಂದ. ನಾನು ಮಣ್ಣಿಗೂ ಹೋಗಲಿಲ್ಲ, ತಿಥಿಗೂ ಹೋಗಲಿಲ್ಲ. ಪರೀಕ್ಷೆ ಕೆಲಸ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಚೀಲ ಹೂಳಿಸಿದ ವಾರದ ಭಾನುವಾರ ಬಸ್ಸು ಹತ್ತಿದೆ. ಮಾರಿಕಣಿವೆಯಲ್ಲಿ ಅಣೆಕಟ್ಟು ನೋಡಲು ಬಂದ ಜನ. ದಾರಿಯ ಪಕ್ಕದಲ್ಲಿ ಮೀನು ಕರಿದು ಮಾರುವ ಅಂಗಡಿಗಳು, ಅದರಲ್ಲೊಂದು ಅವನ ಅವ್ವನದು. ಮಗಳ ಜೊತೆ ನಡೆಸುತ್ತಾರೆ. “ಬರ್ರಿ, ಕುಂತ್ಕಳ್ರಿ, ಬಿಸಿ ಐತೆ” ಎಂದು ಗಿರಾಕಿಯನ್ನು ಕರೆದಂತೆಯೇ ನನ್ನನ್ನೂ ಕರೆದರು. ಯಾರು ಎಂದು ಹೇಳಿದ ಮೇಲೆ ಕೈ ಹಿಡಿದುಕೊಂಡರು. “ಓ, ನೀನೇನಪ್ಪ! ನಮ್ ಹುಡುಗ್ನ ಜೊತೆ ಆಡ್ತಿದ್ದೋನು. ನೀನು ನೌಕ್ರಿ ಹಿಡ್ದೆ. ಇವ್ನು ನೋಡು, ತನ್ ಕಣ್ಣು ತಾನೇ ಕಳ್ಕಂಡ. ಒಕ್ಕಣ್ಣ ಅಂತ ಒಂದು ಹೆಣ್ಣೂ ಸಿಗ್ಲಿಲ್ಲ ಅವ್ನಿಗೆ.”

ಕೂತ ಬೆಂಚಿನಿಂದ ಎದ್ದು ನಿಂತು ಹೇಳಿದೆ. ಶನಿವಾರ ಸಂಜೆ, ಒಣ ಹರಳು, ಜಜ್ಜಿದ್ದು, ಅವನು ಕೇಳಿದ್ದು, ನಾನು ಹೂಂ ಅಂದದ್ದು, ಆಸ್ಪತ್ರೆಯಲ್ಲಿ ಅವನು ತನ್ನ ಮೇಲೆ ಎಳೆದುಕೊಂಡದ್ದು. ಎಲ್ಲ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ, ಹೊಡೆಯಲಿ ಎಂದು ಕಾದೆ. ನಿಜ ಹೇಳಬೇಕೆಂದರೆ, ಹೊಡೆದರೆ ಸಾಕು ಎಂದು ಆಸೆಪಟ್ಟಿದ್ದೆ.

ಅವರು ಹೊಡೆಯಲಿಲ್ಲ. ಒಲೆ ಸಣ್ಣ ಮಾಡಿ ಬಾಣಲೆಯಲ್ಲಿದ್ದ ಮೀನನ್ನು ಒಂದೊಂದಾಗಿ ತೆಗೆದಿಟ್ಟರು.

“ಅವ್ನು ಇರಾಗಂಟ ಬೈದೆ ಕಣಪ್ಪ ನಾನು” ಅಂದರು. “ಒಂದಿನ ಬಿಡ್ಲಿಲ್ಲ. ಉಣ್ಣಕ್ಕೆ ಕುಂತಾಗ್ಲೂ ಬೈದೆ, ಸಾಯಾ ದಿನಾನೂ ಬೈದು ಕಳಿಸ್ದೆ. ಒಂದು ಮಾತು ಎದ್ರಾಡ್ಲಿಲ್ಲ, ನಗ್ತಿದ್ದ... ನೀನು ಇಲ್ಲಿಗಂಟ ಬಂದು ನನ್ ತವ ಹೇಳ್ಕಂಡೆ. ನಾನು ಯಾರ ತವ ಹೋಗಿ ಹೇಳ್ಕಳ್ಲಿ?”

ಅಷ್ಟರಲ್ಲಿ ಗಿರಾಕಿಗಳು ಬಂದರು. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಲೆ ಜೋರು ಮಾಡಿದರು. ನಾನು ಬಸ್ಸಿಗೆ ಬಂದೆ.

ಅದಾಗಿ ಮೂರು ವಾರವಾಯಿತು. ಹೇಳಿದರೆ ಹಗುರವಾಗುತ್ತೇನೆ ಅಂದುಕೊಂಡಿದ್ದೆ, ಆಗಲಿಲ್ಲ. ಅವ್ವ ಮಗನಿಗೆ ಬೈದ ಬೈಗುಳವನ್ನೆಲ್ಲ ವಾಪಸು ತೆಗೆದುಕೊಳ್ಳಲು ಅವನು ಇರಬೇಕಿತ್ತು. ಹೊಸದುರ್ಗದಿಂದ ಮಾರಿಕಣಿವೆಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಅವನು ಬದುಕಿದ್ದಾಗ ಒಂದೇ ಒಂದು ಭಾನುವಾರ ನಾನು ಆ ಬಸ್ಸು ಹತ್ತಿದ್ದರೆ, ಅವನು ಅವ್ವನ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿಸಿಕೊಂಡು ಹೋಗುತ್ತಿದ್ದ.