ಸೀರೆ ಅಂಗಡಿಯಲ್ಲಿ ಬಿದ್ದ ಪೆಟ್ಟು

೨೦೨೪ರ ನವರಾತ್ರಿಗೆ ಇನ್ನೂ ಒಂದು ವಾರ ಇತ್ತು. ಪೊಲೀಸರ ಕಾನೂನುಗಳೆಲ್ಲ ಬದಲಾಗಿವೆ ಎಂದು ಪೇಪರಿನಲ್ಲಿ ಓದಿದ್ದೆ, ಆದರೆ ಅದು ನನಗೆ ಸಂಬಂಧಪಟ್ಟದ್ದು ಅಂತ ಎಣಿಸಿರಲಿಲ್ಲ. ನಾನು ಕಾಪುವಿನವಳು. ಉಡುಪಿಯ ಒಂದು ಬಟ್ಟೆ ಅಂಗಡಿಯ ಸೀರೆ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

ಆ ದಿನ ಮಧ್ಯಾಹ್ನ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಬಂದರು. ನಮ್ಮ ಹಳೆಯ ಗಿರಾಕಿ. ಒಂದರ ಮೇಲೊಂದು ಸೀರೆ ಬಿಚ್ಚಿಸಿ, ಯಾವುದೂ ಬೇಡವೆಂದು ಎದ್ದರು. ಮಡಚಿಡುವಾಗ ನೋಡಿದರೆ ಎಂಟು ಸಾವಿರ ಚಿಲ್ಲರೆಯ ಮರೂನ್ ರೇಷ್ಮೆ ಸೀರೆ ಕಾಣಲಿಲ್ಲ. ಅವರ ದೊಡ್ಡ ಬ್ಯಾಗಿನ ಬಾಯಿಯಲ್ಲಿ ಅದರ ಜರಿ ಅಂಚು ಇಣುಕುತ್ತಿತ್ತು.

ಬೇರೆಯವರಿಗೆ ಕೇಳಿಸಬಾರದೆಂದು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, “ಮೇಡಂ, ಒಂದು ಸೀರೆ ತಪ್ಪಿ ನಿಮ್ಮ ಬ್ಯಾಗಿಗೆ ಹೋಗಿದೆ ಅಂತ ಕಾಣ್ತದೆ.”

ಮಾತು ಮುಗಿಯುವ ಮೊದಲೇ ಕೆನ್ನೆಗೆ ಬಿತ್ತು. ಕನ್ನಡಕ ಹಾರಿ ಹೋಯಿತು.

“ನನ್ನನ್ನು ಕಳ್ಳಿ ಅಂತೀಯಾ?” ಎಂದು ಅವರು ಕೂಗಿದರು. ನಾನು ಆ ಶಬ್ದ ಆಡಿರಲೇ ಇಲ್ಲ. ಕೈ ಬೀಸಿದ ರಭಸಕ್ಕೆ ಬ್ಯಾಗ್ ಜಾರಿ, ಸೀರೆ ಎಲ್ಲರ ಎದುರು ನೆಲಕ್ಕೆ ಬಿತ್ತು.

ಅಂಗಡಿಯ ಧಣಿ ಓಡಿ ಬಂದರು. ಸೀರೆ ಎತ್ತಿಕೊಂಡವರೇ ನನ್ನ ಕಡೆ ತಿರುಗಿ, “ಸುಮತಿ, ಮೇಡಂಗೆ ಸಾರಿ ಹೇಳು. ಹಬ್ಬದ ಸಮಯ, ಗಲಾಟೆ ಬೇಡ” ಎಂದರು. ನಾನು ಹೇಳಿಯೂ ಬಿಟ್ಟೆ! ಆ ಮಹಿಳೆ ತಲೆಯೆತ್ತಿಕೊಂಡೇ ಹೊರಗೆ ನಡೆದರು.

ಸಂಜೆ ಬಸ್ಸಿನಲ್ಲಿ ಕೂತಾಗ ಕೆನ್ನೆಯ ಉರಿಗಿಂತ ನಾನು ಹೇಳಿದ ಆ ‘ಸಾರಿ’ ಹೆಚ್ಚು ಸುಡುತ್ತಿತ್ತು. ಕಾಪುವಿನಲ್ಲಿ ಇಳಿದವಳು ಮನೆಯ ದಾರಿ ಹಿಡಿಯದೆ ನೇರ ಪೊಲೀಸ್ ಠಾಣೆಗೆ ಹೋದೆ.

ಅಲ್ಲಿದ್ದ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಕೂರಲು ಹೇಳಿ ನೀರು ಕೊಟ್ಟರು. “ಸೀರೆ ಕದ್ದದ್ದು, ಹೊಡೆದದ್ದು ಎಲ್ಲ ಉಡುಪಿಯಲ್ಲಿ ಮೇಡಂ, ಇಲ್ಲಿ ದೂರು ಕೊಡ್ಲಿಕ್ಕೆ ಆಗ್ತದಾ?” ಎಂದು ಕೇಳಿದೆ.

“ಎಲ್ಲಿ ಆದರೂ ತೊಂದರೆ ಇಲ್ಲ. ಇಂಥದ್ದನ್ನು ಯಾವ ಸ್ಟೇಷನ್‌ನಲ್ಲಾದರೂ ಬರೆದುಕೊಳ್ಳಬೇಕು ಅಂತ ಹೊಸ ಕಾನೂನಿನಲ್ಲೇ ಉಂಟು. ಝೀರೋ ಎಫ್‌ಐಆರ್ ಅಂತ ಹೇಳ್ತಾರೆ. ಉಡುಪಿಗೆ ನಾವೇ ಕಳುಹಿಸ್ತೇವೆ. ನೀವು ಆದದ್ದು ಹೇಳಿ” ಎಂದರು. ನಾನು ಹೇಳುತ್ತಾ ಹೋದೆ. ಬರೆದದ್ದನ್ನು ಓದಿ ಹೇಳಿ, ಸಹಿ ಹಾಕಿಸಿ, ಒಂದು ಪ್ರತಿ ನನ್ನ ಕೈಗೇ ಕೊಟ್ಟರು.

ಎರಡು ದಿನ ಬಿಟ್ಟು ಧಣಿ ನನ್ನನ್ನು ಒಳಗೆ ಕರೆದರು. ಉಡುಪಿ ಠಾಣೆಯಿಂದ ಅವರಿಗೆ ಫೋನ್ ಬಂದಿತ್ತಂತೆ. “ಎಂತ ಮಾಡಿದ್ದು ನೀನು? ಅಂಗಡಿಯ ಹೆಸರು ಹಾಳಾಗ್ತದಲ್ವಾ? ಕೇಸು ವಾಪಸ್ ತೆಗಿ. ಇಲ್ಲದಿದ್ದರೆ ನಾಳೆಯಿಂದ ಬರುವುದು ಬೇಡ.”

“ವಾಪಸ್ ತೆಗೆಯುವುದಿಲ್ಲ” ಎಂದೆ. ಹದಿನಾಲ್ಕು ವರ್ಷದಲ್ಲಿ ಅವರಿಗೆ ನಾನು ‘ಇಲ್ಲ’ ಎಂದದ್ದು ಅದೇ ಮೊದಲು.

ಅಷ್ಟರಲ್ಲಿ ಉಡುಪಿ ಠಾಣೆಯ ಎಸ್ಐ ವಿಚಾರಣೆಗೆ ಬಂದರು. ಕ್ಯಾಮರಾ ಹಾಳಾಗಿದೆ, ತಾನು ಏನೂ ನೋಡಿಲ್ಲ ಎಂದು ಧಣಿ ಹೇಳಿಬಿಟ್ಟರು. ಉಳಿದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಕೆಲಸದಲ್ಲಿ ತೊಡಗಿದರು.

ಆಗ ನೆಲ ಒರೆಸುತ್ತಿದ್ದ ರೇಣವ್ವ ಕೋಲನ್ನು ಗೋಡೆಗೆ ಒರಗಿಸಿ ಮುಂದೆ ಬಂದಳು. ಬಾಗಲಕೋಟೆ ಕಡೆಯವಳು. ಗಂಡನ ಗಾರೆ ಕೆಲಸಕ್ಕೆಂದು ಬಂದು ಅಲೆವೂರಿನಲ್ಲಿ ಬಾಡಿಗೆಗಿದ್ದಳು. ನಮ್ಮಲ್ಲಿ ಎಲ್ಲರಿಗಿಂತ ಸಣ್ಣ ಸಂಬಳ ಅವಳದ್ದೇ.

“ನಾ ನೋಡೀನ್ರೀ ಸಾಹೇಬ್ರ. ಈ ಅಕ್ಕಾರು ಒಂದ್ ಕೆಟ್ಟ ಮಾತ್ ಆಡಿಲ್ಲ. ಸೀರಿ ನೋಡಾಕ ಬಂದಾಕೀನ ಇವರಿಗೆ ಹೊಡದ್ಲು. ಸೀರಿ ಆಕೀ ಚೀಲದಾಗಿಂದನ ಬಿತ್ತು. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನ್ರಿ.”

ಅದನ್ನು ಕೇಳಿ ಬಿಲ್ಲಿಂಗ್ ಕೌಂಟರಿನಿಂದ ಜಯಂತಣ್ಣ ಎದ್ದು ನಿಂತರು. “ಕ್ಯಾಮರಾ ಸರಿಯೇ ಉಂಟು ಸರ್. ಅವತ್ತಿನದ್ದು ಎಲ್ಲ ಅದರಲ್ಲಿದೆ.” ಆಮೇಲೆ “ನಾನೂ ನೋಡಿದ್ದೇನೆ” ಎಂದು ಸೀರೆ ವಿಭಾಗದ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕ ನಿಂತರು. ಇಷ್ಟು ಮಂದಿಯನ್ನು ಒಟ್ಟಿಗೆ ಕೆಲಸದಿಂದ ತೆಗೆದು ನವರಾತ್ರಿಯ ವ್ಯಾಪಾರ ಮಾಡುವುದುಂಟೇ? ಧಣಿ ಸುಮ್ಮನೆ ಒಳಗೆ ಹೋಗಿ ಕ್ಯಾಮರಾದ ರೆಕಾರ್ಡಿಂಗ್ ಕೊಡಿಸಿದರು.

ಕೆಲವು ತಿಂಗಳ ನಂತರ ಆ ಮಹಿಳೆಯ ವಕೀಲರು ರಾಜಿಗೆ ಕರೆದರು. ಹಣದ ಮಾತೆತ್ತಿದರು. “ಹಣ ಬೇಡ. ಹೊಡೆದ ಜಾಗದಲ್ಲೇ, ಜನ ಇರುವ ಹೊತ್ತಿನಲ್ಲಿ ಬಂದು ತಪ್ಪಾಯಿತು ಅಂತ ಹೇಳಲಿ. ಆಮೇಲೆ ಕೋರ್ಟಿನಲ್ಲಿ ರಾಜಿಗೆ ಸಹಿ ಹಾಕ್ತೇನೆ” ಎಂದೆ.

ಆ ಮಹಿಳೆ ಬಂದರು! ಶನಿವಾರ ಹನ್ನೊಂದು ಗಂಟೆಗೆ, ಅಂಗಡಿ ತುಂಬ ಜನ ಇರುವಾಗ, ಕೈ ಮುಗಿದು, “ಸೀರೆ ತೆಗೆದದ್ದು ನಾನೇ. ನಿಮ್ಮ ಮೇಲೆ ಕೈ ಮಾಡಿದ್ದು ತಪ್ಪು” ಎಂದರು. ನಾನು “ಆಯಿತು ಮೇಡಂ” ಎಂದೆ. ಹೆಚ್ಚಿಗೆ ಹೇಳಬೇಕೆಂದು ಅನಿಸಲಿಲ್ಲ. ರೇಣವ್ವ ಮಾತ್ರ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅದೇ ವಾರ ಧಣಿ ಬಾಗಿಲ ಬಳಿ ಒಂದು ಬೋರ್ಡ್ ಹಾಕಿಸಿದರು: ‘ನಮ್ಮ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಪೊಲೀಸರಿಗೆ ದೂರು ಕೊಡಲಾಗುವುದು.’

ಕಳೆದ ತಿಂಗಳು ಮಣಿಪಾಲದ ಒಂದು ಸೂಪರ್ ಮಾರ್ಕೆಟಿನಲ್ಲಿ ಕೆಲಸ ಮಾಡುವ ಅಪರಿಚಿತ ಹೆಣ್ಣುಮಗಳೊಬ್ಬಳು ಯಾರಿಂದಲೋ ನಂಬರ್ ಪಡೆದು ಫೋನ್ ಮಾಡಿದಳು. ಅಳುತ್ತಿದ್ದಳು. “ಅಕ್ಕ, ಗಿರಾಕಿಯೊಬ್ಬರು ನನಗೆ ಹೊಡೆದರು. ನಾನೂ ದೂರು ಕೊಡಬಹುದಾ?”

“ಕೊಡಬಹುದು ಮಾರಾಯ್ತಿ. ಈಗಲೇ ಹೊರಡು, ನಾನೂ ಬರ್ತೇನೆ” ಎಂದೆ. ಠಾಣೆಯಲ್ಲಿ ಅವಳು ದೂರು ಹೇಳಿ ಬರೆಸುವಾಗ ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಅವಳ ಧ್ವನಿ ಗಟ್ಟಿಯಾಗುತ್ತಾ ಹೋದದ್ದನ್ನು ಕೇಳಿ ನನಗಾದ ಸಂತೋಷ ಇಷ್ಟೇ ಎಂದು ಹೇಳಲಾರೆ.